ಕ್ಯಾಡ್-ಕ್ಯಾಮ್ ಸಾಫ್ಟ್‌ವೇರ್ ಬಗ್ಗೆ ಅಭಿಪ್ರಾಯ ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿಡಿಭಾಗದ ವಿನ್ಯಾಸ ಮಾಡಿ, ಅದನ್ನು ಕತ್ತರಿಸೋಕೆ ಯಂತ್ರದ ಪ್ರೋಗ್ರಾಮ್ ತಯಾರಿಸಲು ನಾವು ಬಳಸುವ ಕ್ಯಾಡ್-ಕ್ಯಾಮ್ ಸಾಫ್ಟ್‌ವೇರಿನಲ್ಲಿ ಏನೇನು ಸುಧಾರಿಸಬೇಕು ಅಂತ ತಯಾರಕರೇ ಕೇಳಿದ್ದಾರೆ. ಪೀಣ್ಯ, ಬೊಮ್ಮಸಂದ್ರದ ಸಣ್ಣ ವರ್ಕ್‌ಶಾಪ್‌ಗಳ ಮಾತು ಅವರವರೆಗೆ ಮುಟ್ಟೋದು ಅಪರೂಪ. ಹಾಗಾಗಿ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆದು ಹಾಕಿ.

"ಸರಿ ಇಲ್ಲ", "ಸ್ಲೋ" ಅಂತಷ್ಟೇ ಬರೆದರೆ ಅವರಿಗೆ ಏನೂ ಗೊತ್ತಾಗಲ್ಲ. ಮೊನ್ನೆ ಒಬ್ಬ ಸದಸ್ಯರು ಕಳಿಸಿದ್ದು ನೋಡಿ: ಪೂರ್ತಿ ವೃತ್ತ ಮಿಲ್ಲಿಂಗ್ ಮಾಡುವಾಗ ಪೋಸ್ಟ್ ಪ್ರೊಸೆಸರ್ (ಟೂಲ್ ಸಾಗುವ ದಾರಿಯನ್ನು ಯಂತ್ರದ ಕೋಡ್‌ಗೆ ಬದಲಿಸುವ ಭಾಗ) ಜಿ02 ಸಾಲಿನಲ್ಲಿ, ಅಂದ್ರೆ ಗಡಿಯಾರದ ದಿಕ್ಕಿನಲ್ಲಿ ಕಮಾನಾಗಿ ಚಲಿಸು ಅನ್ನೋ ಆದೇಶದಲ್ಲಿ, ಕೇಂದ್ರ ತಿಳಿಸುವ ಐ, ಜೆ ಬದಲು ತ್ರಿಜ್ಯ ತಿಳಿಸುವ ಆರ್ ಕೊಡುತ್ತಿತ್ತು. ಶುರುವಾದ ಬಿಂದುವಿಗೇ ಬಂದು ಮುಗಿಯುವ ವೃತ್ತಕ್ಕೆ ತ್ರಿಜ್ಯ ಮಾತ್ರ ಹೇಳಿದರೆ ಕೇಂದ್ರ ಎಲ್ಲಿದೆ ಅಂತ ಯಂತ್ರವನ್ನು ನಡೆಸುವ ಕಂಟ್ರೋಲರ್‌ಗೆ ತಿಳಿಯೋದೇ ಇಲ್ಲ. ಸಿಮ್ಯುಲೇಶನ್‌ನಲ್ಲಿ ಮಾತ್ರ ಎಲ್ಲ ಸರಿಯಾಗೇ ಕಾಣುತ್ತಿತ್ತು, ಯಾಕಂದ್ರೆ ಅದು ತೋರಿಸೋದು ಪೋಸ್ಟ್ ಮಾಡುವ (ಕೋಡ್‌ಗೆ ಬದಲಿಸುವ) ಮೊದಲಿನ ಟೂಲ್‌ಪಾತ್, ಅಂದ್ರೆ ಟೂಲ್ ಸಾಗುವ ದಾರಿ. ಅವರು ಆ ಒಂದು ಸಾಲು, ಕಂಟ್ರೋಲರ್ ಮಾಡೆಲ್, ಸಾಫ್ಟ್‌ವೇರ್ ವರ್ಷನ್ ಮೂರನ್ನೂ ಕೊಟ್ಟಿದ್ದಾರೆ. ಇಂಥದ್ದೇ ಬೇಕು.

ನನ್ನ ಕಡೆಯಿಂದ ಒಂದು: ಸೆಟಪ್ ಶೀಟ್‌ನಲ್ಲಿ (ಯಂತ್ರದ ಮೇಲೆ ಕೆಲಸ ಹೇಗೆ ಕೂರಿಸಬೇಕು ಅಂತ ಆಪರೇಟರ್‌ಗೆ ಹೇಳುವ ಹಾಳೆ) ಕನ್ನಡದಲ್ಲಿ ಟಿಪ್ಪಣಿ ಹಾಕಿದರೆ ಪ್ರಿಂಟ್‌ನಲ್ಲಿ ಬರೀ ಚೌಕಗಳು ಬರುತ್ತವೆ. "ಡ್ರಿಲ್ ಆದ ಮೇಲೆ ಕ್ಲ್ಯಾಂಪ್ ಜಾಗ ಬದಲಿಸಿ" ಅನ್ನೋದನ್ನ ನೈಟ್ ಶಿಫ್ಟ್ ಆಪರೇಟರ್ ಓದಲಾಗದಿದ್ದರೆ ಟೂಲ್ ನೇರ ಕ್ಲ್ಯಾಂಪಿಗೇ ಹೊಡೆಯುತ್ತೆ. ಹೊಸ ಫೀಚರ್‌ಗಳಿಗಿಂತ ಮೊದಲು ಇದು ಸರಿಯಾಗಬೇಕು.

ಗ್ರಾಹಕರ ಡ್ರಾಯಿಂಗ್ ದಯವಿಟ್ಟು ಗುಂಪಿಗೆ ಹಾಕಬೇಡಿ. ಅದೇ ತೊಂದರೆ ತೋರಿಸುವ ಸಾದಾ ಬ್ಲಾಕ್ ಮಾಡೆಲ್ ಸಾಕು. ಟೈಪ್ ಮಾಡೋಕೆ ಪುರುಸೊತ್ತಿಲ್ಲದವರು ವಾಯ್ಸ್ ಮೆಸೇಜ್ ಕಳಿಸಿ, ನಾನು ಬರೆದುಕೊಳ್ತೀನಿ.