ಲ್ಯಾಬ್ ರೆಕಾರ್ಡಿನಲ್ಲಿ ತಪ್ಪಿಗೂ ಒಂದು ಪುಟ ಇರಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮುಗಿಸಿ ಬಂದವರಿಗೆ ಹತ್ತು ಸಾಲಿನ ಪ್ರೋಗ್ರಾಮ್ ಬರೆಯಲೂ ಬರುವುದಿಲ್ಲ ಎಂಬ ದೂರು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ದೂರಿನಲ್ಲಿ ನಿಜವಿದೆ ಎಂದು ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರಿನಲ್ಲಿರುವ ನಾನೇ ಒಪ್ಪುತ್ತೇನೆ. ಆದರೆ ವಿದ್ಯಾರ್ಥಿಗಳ ಸೋಮಾರಿತನವೇ ಕಾರಣವೆಂದು ಷರಾ ಬರೆದುಬಿಡುವವರು ನಮ್ಮ ಲ್ಯಾಬುಗಳಲ್ಲಿ ನಡೆಯುವುದೇನು ಎಂಬುದನ್ನೂ ಒಮ್ಮೆ ಬಂದು ನೋಡಬೇಕು.

ಸೆಮಿಸ್ಟರಿನ ಮೊದಲ ವಾರಕ್ಕೇ ಹತ್ತು ಹನ್ನೆರಡು ಪ್ರೋಗ್ರಾಮುಗಳ ಮ್ಯಾನ್ಯುಯಲ್ ಜೆರಾಕ್ಸ್ ಅಂಗಡಿಗೆ ಬಂದಿರುತ್ತದೆ. ಅದರಲ್ಲಿ ಪ್ರಶ್ನೆಯೂ ಇದೆ, ಉತ್ತರವೂ ಇದೆ, ಬರಬೇಕಾದ ಔಟ್‌ಪುಟ್ ಕೂಡ ಇದೆ. ನೋಡಿಕೊಂಡು ಟೈಪ್ ಮಾಡುತ್ತೇವೆ, ಎಲ್ಲೋ ಸೆಮಿಕೋಲನ್ ಬಿಟ್ಟಿದ್ದರೆ ಪಕ್ಕದವರನ್ನು ಕೇಳಿ ಹಾಕುತ್ತೇವೆ, ಅದನ್ನೇ ರೆಕಾರ್ಡ್ ಪುಸ್ತಕಕ್ಕೆ ದುಂಡಗೆ ಇಳಿಸಿ ಸಹಿ ಹಾಕಿಸಿಕೊಳ್ಳುತ್ತೇವೆ. ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದ ಪ್ರೋಗ್ರಾಮನ್ನು ಬಾಯಿಪಾಠದಿಂದ ಒಪ್ಪಿಸಿದವರಿಗೆ ಪೂರ್ಣ ಅಂಕ. ಎರಡನೇ ಸೆಮಿಸ್ಟರಿನಲ್ಲಿ ನನಗೂ ಪೂರ್ಣ ಅಂಕ ಬಂದಿತ್ತು. ‘ಈ ಲೂಪನ್ನು (ಮತ್ತೆ ಮತ್ತೆ ನಡೆಯುವ ಭಾಗವನ್ನು) ಕೊನೆಯಿಂದ ಮೊದಲಿಗೆ ಓಡಿಸು’ ಎಂದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದ್ದರೆ ನಾನು ತಲೆ ತಗ್ಗಿಸಿ ನಿಲ್ಲಬೇಕಾಗಿತ್ತು, ಪರೀಕ್ಷಕರು ಕೇಳಲಿಲ್ಲ.

ಪ್ರೋಗ್ರಾಮಿಂಗ್ ಎಂದರೇನೆಂದು ನನಗೆ ತಿಳಿದದ್ದು ಕಳೆದ ರಜೆಯಲ್ಲಿ, ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪಿನ ಮುಂದೆ. ನನ್ನ ತಂದೆ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮಕ್ಕಳ ಅಭ್ಯಾಸಕ್ಕೆಂದು ಪದ್ಯಗಳಿಗೆ ಲಘು ಗುರು ಹಾಕಿ ಪ್ರಸ್ತಾರ ಮಾಡುತ್ತಾ ರಾತ್ರಿ ಬಹಳ ಹೊತ್ತು ಕೂರುವುದನ್ನು ನೋಡಿ, ಭಾಮಿನಿ ಷಟ್ಪದಿಯ ಮಾತ್ರೆ ಎಣಿಸುವ ಪ್ರೋಗ್ರಾಮ್ ಬರೆದುಕೊಡುತ್ತೇನೆಂದು ಮಾತು ಕೊಟ್ಟೆ. ಲೆಕ್ಕ ಸಲೀಸಾಗಿ ಕಂಡಿತ್ತು. ಲಘುವಿಗೆ 1 ಮಾತ್ರೆ, ಗುರುವಿಗೆ 2. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೇ ಸಾಲುಗಳಲ್ಲಿ 23, ಇಡೀ ಪದ್ಯಕ್ಕೆ 102.

‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ನಾನು ಬಳಸುವ ಪ್ರೋಗ್ರಾಮಿಂಗ್ ಭಾಷೆ ಪೈಥಾನನ್ನು ಕೇಳಿದೆ. 5 ಎಂದಿತು. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮಾತ್ರ ‘ನ್ನ’ ಎಂಬುದು ನಕಾರ, ಅದರ ಸ್ವರ ತೆಗೆದು ‘ನ್’ ಮಾಡುವ ವಿರಾಮ ಚಿಹ್ನೆ, ಮತ್ತೊಂದು ನಕಾರ ಎಂದು ಮೂರು ಸಂಕೇತಗಳಾಗಿ ಕುಳಿತಿದೆ. ಹಾಗಾಗಿ ಮೊದಲು ಸಂಕೇತಗಳನ್ನು ಅಕ್ಷರಗಳಾಗಿ ಕೂಡಿಸಬೇಕು. ಆಮೇಲೆ ಪ್ರತಿ ಅಕ್ಷರಕ್ಕೂ ದೀರ್ಘವಿದೆಯೇ, ಅನುಸ್ವಾರ ವಿಸರ್ಗಗಳಿವೆಯೇ, ಮುಂದೆ ಒತ್ತಕ್ಷರ ಬರುತ್ತದೆಯೇ ಎಂದು ನೋಡಬೇಕು. ‘ಕನ್ನಡ’ದ ಕಕಾರ ತನ್ನಷ್ಟಕ್ಕೆ ಲಘುವಾದರೂ ಮುಂದಿನ ಒತ್ತಕ್ಷರದಿಂದಾಗಿ ಗುರುವಾಗುತ್ತದೆ; ಅಂದರೆ ಒಂದು ಅಕ್ಷರದ ತೀರ್ಮಾನ ಹೇಳುವ ಮುನ್ನ ಅದರ ಮುಂದಿನದನ್ನು ಇಣುಕಿ ನೋಡಲೇಬೇಕು. (ತಂದೆಯವರು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದ ಪದ್ಯಗಳು ನನ್ನ ಪ್ರೋಗ್ರಾಮಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡು, ಅವನ್ನು ಯೂನಿಕೋಡಿಗೆ ತರುವುದರಲ್ಲೇ ಒಂದು ವಾರ ಕಳೆಯಿತು.)

ಇಷ್ಟೆಲ್ಲ ಆದಮೇಲೆ ಒಂದು ಪದ್ಯ ಹಟ ಹಿಡಿಯಿತು. ನಾಲ್ಕನೇ ಸಾಲಿಗೆ 14ರ ಬದಲು 13 ಬರುತ್ತಿತ್ತು. ಮೂರು ರಾತ್ರಿ ಒಂದೊಂದು ಅಕ್ಷರಕ್ಕೂ ಬಂದ ಬೆಲೆಯನ್ನು ಪರದೆಯ ಮೇಲೆ ಅಚ್ಚು ಮಾಡಿಸಿ ನೋಡಿದರೂ ತಪ್ಪು ಸಿಗಲಿಲ್ಲ. ಪದ್ಯದ ಪಾಠವೇ ತಪ್ಪಿರಬೇಕೆಂದು ಕವಿಯನ್ನೇ ಅನುಮಾನಿಸಿದೆ. ಕೊನೆಗೆ ಫೋನಿನಲ್ಲಿ ತಂದೆಯವರನ್ನು ಕೇಳಿದಾಗ ಅವರು ವಿವರಣೆ ಏನೂ ಕೊಡದೆ ನಾಲ್ಕನೇ ಸಾಲನ್ನೂ ಐದನೇ ಸಾಲನ್ನೂ ಒಂದೇ ಉಸಿರಿಗೆ ಓದಿ, ‘ಸಾಲು ಮುಗೀತು ಅಂತ ನೀನು ನಿಲ್ಲಿಸ್ತೀಯಲ್ಲಮ್ಮ, ಪದ್ಯ ಎಲ್ಲಿ ನಿಲ್ಲುತ್ತೆ?’ ಎಂದರು. ಐದನೇ ಸಾಲು ಒತ್ತಕ್ಷರದಿಂದ ಶುರುವಾಗುತ್ತಿತ್ತು. ಅದರಿಂದಾಗಿ ನಾಲ್ಕನೇ ಸಾಲಿನ ಕೊನೆಯ ಲಘು ಗುರುವಾಗಬೇಕಿತ್ತು. ಫೈಲನ್ನು ಸಾಲು ಸಾಲಾಗಿ ಓದುತ್ತಿದ್ದ ನನ್ನ ಪ್ರೋಗ್ರಾಮಿಗೆ ಸಾಲಿನ ಆಚೆ ಏನಿದೆಯೆಂದು ಕಾಣುವಂತೆಯೇ ಇರಲಿಲ್ಲ. ಇಡೀ ಪದ್ಯವನ್ನು ಒಟ್ಟಿಗೆ ಓದಿಕೊಂಡು, ಎಣಿಕೆ ಮುಗಿದ ಮೇಲೆ ಸಾಲುಗಳಾಗಿ ವಿಂಗಡಿಸುವಂತೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಬಗ್ಗೆ ಈ ಸೆಮಿಸ್ಟರಿನ ಪಾಠದಲ್ಲಿ ‘ಲುಕ್‌ಅಹೆಡ್’ (ಮುಂದಿನದನ್ನು ಇಣುಕಿ ನೋಡುವುದು) ಎಂಬ ಮಾತು ಬಂದಾಗ ಅದು ನನಗೆ ಹಳೆಯ ಪರಿಚಯದಂತೆ ಕಂಡಿತು.

ಇಂಥ ಕೆಲಸಕ್ಕೆ ನಮ್ಮ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಲ್ಯಾಬಿನ ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ವಿದ್ಯಾರ್ಥಿಯೇ ಆರಿಸಿಕೊಂಡ ಸ್ವಂತ ಪ್ರಾಜೆಕ್ಟಿಗೆ ಮೀಸಲಿಡಬೇಕು, ಮತ್ತು ರೆಕಾರ್ಡ್ ಪುಸ್ತಕದಲ್ಲಿ ಸರಿಯಾದ ಔಟ್‌ಪುಟ್ ಜೊತೆಗೆ ಯಾವ ದಿನ ಏನು ತಪ್ಪಾಯಿತು, ಏಕೆ ತಪ್ಪಾಯಿತು ಎಂಬುದನ್ನೂ ಬರೆಸಬೇಕು ಎಂಬುದು ನನ್ನ ವಿನಂತಿ. ಪ್ರತಿ ಬದಲಾವಣೆಯನ್ನು ದಿನಾಂಕ ಸಮೇತ ಉಳಿಸಿಡಲು ಗಿಟ್‌ನಂಥ ಉಚಿತ ತಂತ್ರಾಂಶಗಳಿವೆ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರಿಗಾಗಿ ಶನಿವಾರ ಮಧ್ಯಾಹ್ನ ಲ್ಯಾಬಿನ ಬಾಗಿಲು ತೆರೆದಿರಬೇಕು. ಹಾಸ್ಟೆಲಿನ ನನ್ನ ಗೆಳತಿಯರಲ್ಲಿ ಮೊಬೈಲಿನಲ್ಲೇ ಕೋಡ್ ಬರೆದು ನೋಡುವವರು ಇದ್ದಾರೆ.

ಸ್ವಂತ ಪ್ರಾಜೆಕ್ಟ್ ಎಂದರೆ ದುಡ್ಡು ಕೊಟ್ಟು ತರುತ್ತಾರೆ ಎಂಬ ಆಕ್ಷೇಪ ಬರುವುದು ನನಗೆ ಗೊತ್ತು. ರಿಪೋರ್ಟು, ಪಿಪಿಟಿ ಸಮೇತ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿಕೊಡುತ್ತೇವೆಂಬ ಜಾಹೀರಾತು ಚೀಟಿಗಳನ್ನು ನಾವೂ ಕಂಡಿದ್ದೇವೆ. ಈಗ ಎಐ ಚಾಟ್‌ಬಾಟ್‌ಗಳು ಕೇಳಿದ ತಕ್ಷಣ ಪುಕ್ಕಟೆಯಾಗಿಯೇ ಬರೆದುಕೊಡುತ್ತವೆ. ಆದರೆ ಮ್ಯಾನ್ಯುಯಲಿನ ಉತ್ತರವಾದರೂ ನಮ್ಮ ಸ್ವಂತದ್ದೇ? ತಂದ ಪ್ರೋಗ್ರಾಮಿನಲ್ಲಿ ಒಂದು ನಿಯಮವನ್ನು ಎದುರಿಗೇ ಬದಲಾಯಿಸಲು ಹೇಳಿದರೆ, ಕೊಂಡು ತಂದವರಾರು, ಕೂತು ಬರೆದವರಾರು ಎಂಬುದು ಹತ್ತು ನಿಮಿಷದಲ್ಲಿ ಹೊರಬೀಳುತ್ತದೆ. ಅರವತ್ತು ವಿದ್ಯಾರ್ಥಿಗಳ ತರಗತಿಗೆ ಒಬ್ಬರೇ ಅಧ್ಯಾಪಕರಿರುವ ಕಡೆ ಆ ಹತ್ತು ನಿಮಿಷ ಸುಲಭವಲ್ಲವೆಂಬುದು ನಿಜ. ಅರವತ್ತು ರೆಕಾರ್ಡುಗಳ ಪುಟಪುಟಕ್ಕೂ ಸಹಿ ಹಾಕುವ ಕೆಲಸವನ್ನು ಕಡಿಮೆ ಮಾಡಿದರೆ ಅವರಿಗೆ ಅಷ್ಟು ಬಿಡುವು ಸಿಗಬಹುದು.

ತಪ್ಪುಗಳಿಗೆಂದು ಅಂಥದ್ದೊಂದು ಪುಟ ನನಗಿದ್ದಿದ್ದರೆ ಅದರ ಇತ್ತೀಚಿನ ನಮೂದು ಹೀಗಿರುತ್ತಿತ್ತು: ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವ ಶಿಥಿಲದ್ವಿತ್ವವನ್ನು ಪ್ರೋಗ್ರಾಮ್ ಗುರುತಿಸುತ್ತಿಲ್ಲ, ಅಂಥ ಪದಗಳ ಪಟ್ಟಿಯನ್ನು ತಂದೆಯವರು ಕೈಬರಹದಲ್ಲಿ ಕಳುಹಿಸಿದ್ದಾರೆ, ಟೈಪ್ ಮಾಡುವುದು ಬಾಕಿ ಇದೆ.

— ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು