ಆಯಿಲ್ ಕೂಲರ್ ಕೂರಿಸುವ ಮುನ್ನ: ಶಿರಸಿಯ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ನಿನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಮಾಡಿಸಿದ ಮೇಲೆ ದೇವಿಮನೆ ಘಟ್ಟ ಹತ್ತಿ ಮನೆ ಸೇರುವಷ್ಟರಲ್ಲಿ ಬಾನೆಟ್ಟಿನಿಂದ ಸುಟ್ಟ ಆಯಿಲ್ಲಿನ ವಾಸನೆ ಬರುತ್ತದೆಯೆಂದೂ, ಅದಕ್ಕಾಗಿ 19 ಸಾಲಿನ (ಆಯಿಲ್ ಹರಿಯುವ 19 ಪದರಗಳ) ಆಯಿಲ್ ಕೂಲರ್ ತರಿಸಿ ಬಂಪರಿನ ಹಿಂದೆ ಕೂರಿಸುವ ಯೋಚನೆಯಿದೆಯೆಂದೂ ಬರೆದಿದ್ದೀಯೆ. ನಮ್ಮ ಜಿಲ್ಲೆಯಲ್ಲಿ ಟರ್ಬೊ ಕಾರಿನ ಹುಚ್ಚು ಹಿಡಿದವರು ಇನ್ನೂ ಕೆಲವರಿರುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಆ ವಾಸನೆಯ ವಿಷಯ. ಆಯಿಲ್ ಎಂಜಿನ್ನಿನ ಒಳಗೆ ಎಷ್ಟೇ ಕಾದರೂ ಅದರ ವಾಸನೆ ಹೊರಗೆ ನಿನ್ನ ಮೂಗಿಗೆ ಬರುವುದು ಅಪರೂಪ. ವಾಸನೆ ಬರುತ್ತಿದೆಯೆಂದರೆ ಆಯಿಲ್ ಎಲ್ಲಿಂದಲೋ ಜಿನುಗಿ ಕಾದ ಲೋಹದ ಮೇಲೆ ಬೀಳುತ್ತಿದೆ ಎಂದೇ ತಿಳಿಯಬೇಕು. ನಿನ್ನ ಎಂಜಿನ್ನಿನಲ್ಲಿ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಮತ್ತು ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಿಂಭಾಗದಲ್ಲಿ, ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ಕಡೆಗೆ ಇರುವುದರಿಂದ ವಾಲ್ವ್ ಕವರಿನ ಗ್ಯಾಸ್ಕೆಟ್ ಹಿಂದಿನ ಅಂಚಿನಲ್ಲಿ ಸೋತರೆ ಹನಿ ನೇರವಾಗಿ ಅಲ್ಲಿಗೇ ಇಳಿಯುತ್ತದೆ. ಟಾರ್ಚ್ ಹಿಡಿದು ಆ ಅಂಚನ್ನೂ ಟರ್ಬೊಗೆ ಹೋಗುವ ಆಯಿಲ್ ಪೈಪಿನ ಜೋಡಣೆಗಳನ್ನೂ ನೋಡು. ಈ ರೋಗಕ್ಕೆ ಕೂಲರ್ ಮದ್ದಲ್ಲ. ಹಾಗೆಯೇ ಈ 1.8 ಲೀಟರಿನ, 20 ವಾಲ್ವುಗಳ ಟರ್ಬೊ ಎಂಜಿನ್ನಿಗೆ ಚೇಂಬರಿನಲ್ಲಿ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಲ್ಲಿ) ಮಡ್ಡಿ ಕಟ್ಟಿಕೊಂಡು ಆಯಿಲ್ ಪಂಪಿನ ಜಾಲರಿ ಮುಚ್ಚಿಹೋಗುವ ಅಪಖ್ಯಾತಿಯೂ ಇದೆ. ಜಾಲರಿಯೇ ಕಟ್ಟಿದ್ದರೆ ಹೊಸ ಹೋಸು, ಹೊಸ ಕೂಲರ್ ಸೇರಿಸುವುದರಿಂದ ಪಂಪಿನ ಕಷ್ಟ ಹೆಚ್ಚೀತೇ ಹೊರತು ಕಡಿಮೆಯಾಗದು. ಒಮ್ಮೆ ಚೇಂಬರ್ ಇಳಿಸಿ ನೋಡಿಸುವುದು ಲೇಸು.

ಎರಡನೆಯದಾಗಿ, ಅಳೆಯದೆ ಏನನ್ನೂ ಕೊಳ್ಳಬೇಡ. ಡ್ಯಾಶ್‌ಬೋರ್ಡಿನ ಸೂಜಿ 90ರಲ್ಲೇ ಅಲುಗಾಡದೆ ನಿಂತಿರುತ್ತದೆಯೆಂದು ಬರೆದಿದ್ದೀಯೆ. ಅದು ನೀರಿನ ಉಷ್ಣತೆ, ಆಯಿಲ್ಲಿನದಲ್ಲ; ಅಷ್ಟೇ ಅಲ್ಲ, ನೀರಿನ ಉಷ್ಣತೆ ಸ್ವಲ್ಪ ಮೇಲೆ ಕೆಳಗೆ ಆದರೂ ಸೂಜಿ ಮಧ್ಯದಲ್ಲೇ ನಿಲ್ಲುವಂತೆ ಕಾರ್ಖಾನೆಯವರೇ ಅದನ್ನು ಹೊಂದಿಸಿದ್ದಾರೆ. ಆದ್ದರಿಂದ ಸೆನ್ಸರ್ ಕೂರಿಸಲು ತೂತಿರುವ ಸ್ಯಾಂಡ್‌ವಿಚ್ ಪ್ಲೇಟನ್ನು, ಅಂದರೆ ಆಯಿಲ್ ಫಿಲ್ಟರಿನ ಬುಡದಲ್ಲಿ ನಡುವೆ ಕೂರುವ ತಟ್ಟೆಯನ್ನು, ಮೊದಲು ತರಿಸಿ, ಬರೀ ಆಯಿಲ್ ಟೆಂಪರೇಚರ್ ಗೇಜ್ ಹಾಕಿಕೊಂಡು ಕುಮಟಾದಿಂದ ಕತಗಾಲ ದಾಟಿ ಘಟ್ಟ ಹತ್ತು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನವಾದರೆ ಒಳ್ಳೆಯದು. ಮಳೆಗಾಲದ ಅಂಕಿ ನಿನಗೆ ಏನನ್ನೂ ಹೇಳುವುದಿಲ್ಲ. 90ರಿಂದ 110 ಡಿಗ್ರಿಯೊಳಗೆ ಇದ್ದರೆ ಅದು ಆಯಿಲ್ಲಿಗೆ ಆರೋಗ್ಯದ ಸ್ಥಿತಿ. ಒಳ್ಳೆಯ ಸಿಂಥೆಟಿಕ್ ಆಯಿಲ್ ಸ್ವಲ್ಪ ಹೊತ್ತು 120 ಮುಟ್ಟಿದರೂ ಚಿಂತೆಯಿಲ್ಲ. ಘಟ್ಟದ ತುದಿ ತಲುಪುವ ಮೊದಲೇ 130 ದಾಟಿ ಅಲ್ಲೇ ನಿಂತರೆ ಮಾತ್ರ ಕೂಲರ್ ಬೇಕೇ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಆ ಹಣವನ್ನು ಟೈರಿಗೆ ಹಾಕು ಎನ್ನುವುದು ನನ್ನ ಅಭಿಪ್ರಾಯ.

130ರ ಗೆರೆ ಏಕೆಂದರೆ, 40ರ ದರ್ಜೆಯ ಆಯಿಲ್ಲಿನ ಸ್ನಿಗ್ಧತೆ (ಹರಿಯುವಾಗಿನ ಮಂದತನ) 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ (ಅದನ್ನು ಅಳೆಯುವ ಮಾನ) ಒಳಗೆ ಇರಬೇಕೆಂಬುದು ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ಮಾನದಂಡ. 130ಕ್ಕೆ ಏರುವಾಗ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಆ ತೆಳುವಾದ ಆಯಿಲ್ ಪದರದ ಮೇಲೆಯೇ, ಮತ್ತು ಅದರ ಒಂದು ತುದಿಯಲ್ಲಿ 900 ಡಿಗ್ರಿಯ ಆಸುಪಾಸಿನ ಹೊಗೆ ಬಡಿಯುತ್ತಿರುತ್ತದೆ. ರೀಮ್ಯಾಪ್ ಮಾಡಿಸಿ ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಿದಾಗ ಈ ಶಾಖದ ಪಾಲು ಆಯಿಲ್ಲಿಗೂ ಹೆಚ್ಚುತ್ತದೆ.

ಇನ್ನು ಕೂಲರ್ ಬೇಕೆಂದೇ ತೀರ್ಮಾನವಾದರೆ, ಮೊದಲು ಒಂದು ಮಾತು: ಕಂಪನಿಯೇ ಕೊಟ್ಟಿರುವ, ಫಿಲ್ಟರಿನ ಮೇಲೆ ಕೂತಿರುವ ನೀರಿನ ಆಯಿಲ್ ಕೂಲರನ್ನು ಯಾರು ಎಷ್ಟೇ ಹೇಳಿದರೂ ತೆಗೆಯಬೇಡ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್ಲಿಗಿಂತ ಬೇಗ ಕಾಯುವ ನೀರು ಅದರ ಮೂಲಕವೇ ಆಯಿಲ್ಲನ್ನು ಬೆಚ್ಚಗೆ ಮಾಡುತ್ತದೆ. ಘಟ್ಟದಲ್ಲಿ ಲಾರಿಯ ಬಾಲ ಹಿಡಿದು ಎರಡನೇ ಗೇರಿನಲ್ಲಿ ತೆವಳುವಾಗ ಮುಂದಿನಿಂದ ಗಾಳಿಯೇ ಬರುವುದಿಲ್ಲ. ಆಗ ನೀನು ಹಾಕಿಸಿದ ಗಾಳಿಯ ಕೂಲರ್ ಸುಮ್ಮನೆ ಕೂತಿರುತ್ತದೆ, ರೇಡಿಯೇಟರಿನ ಫ್ಯಾನ್ ನಂಬಿದ ಈ ಹಳೆಯ ವ್ಯವಸ್ಥೆ ಮಾತ್ರ ಕೆಲಸ ಮಾಡುತ್ತಿರುತ್ತದೆ. ರೇಸ್ ಟ್ರ್ಯಾಕಿನವರ ಲೆಕ್ಕ ನಮ್ಮ ಅರಬೈಲು ಘಟ್ಟಕ್ಕೂ ದೇವಿಮನೆಗೂ ಹೊಂದದಿರುವುದು ಇದೇ ಕಾರಣಕ್ಕೆ. ಸ್ಯಾಂಡ್‌ವಿಚ್ ಪ್ಲೇಟನ್ನು ಆ ಕೂಲರಿಗೂ ಫಿಲ್ಟರಿಗೂ ನಡುವೆ ಹಾಕಬೇಕು. ನಿನ್ನ ಫಿಲ್ಟರಿನ ಥ್ರೆಡ್ 3/4 ಇಂಚಿನದು, ಇಂಚಿಗೆ 16 ಸುತ್ತು. ಪ್ಲೇಟಿನ ದಪ್ಪದಷ್ಟು ಫಿಲ್ಟರ್ ಕೆಳಗೆ ಇಳಿಯುತ್ತದೆಯಾದ್ದರಿಂದ ನಮ್ಮ ಊರಿನ ರೋಡ್ ಹಂಪುಗಳನ್ನು ನೆನೆಸಿಕೊಂಡು ಗಿಡ್ಡ ಫಿಲ್ಟರನ್ನೇ ಆರಿಸು, ಎಂಜಿನ್ನಿನ ಕೆಳಗಿನ ಗಾರ್ಡನ್ನು ಕಳಚಿಟ್ಟಿದ್ದರೆ ಮತ್ತೆ ಹಾಕಿಸು.

ಪ್ಲೇಟಿನಲ್ಲಿ ಥರ್ಮೋಸ್ಟಾಟ್ (ಉಷ್ಣತೆಗೆ ತಕ್ಕಂತೆ ತೆರೆದು ಮುಚ್ಚುವ ವಾಲ್ವ್) ಇರಲೇಬೇಕು. ಸುಮಾರು 80 ಡಿಗ್ರಿಯವರೆಗೆ ಆಯಿಲ್ಲನ್ನು ಕೂಲರಿಗೆ ಹೆಚ್ಚು ಬಿಡದೆ ಒಳಗೇ ತಿರುಗಿಸುವ ಮಾದರಿಗಳು ಸಿಗುತ್ತವೆ. ಥರ್ಮೋಸ್ಟಾಟ್ ಇಲ್ಲದ ಪ್ಲೇಟು ಅಗ್ಗ, ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲೂ, ಶಿರಸಿಯ ಧನುರ್ಮಾಸದ ಚಳಿಯಲ್ಲೂ, ಪೇಟೆಗೆ ಹೋಗಿ ಬರುವ ನಿನ್ನ ಸಣ್ಣ ಓಡಾಟದಲ್ಲಿ ಆಯಿಲ್ ಕಾಯುವುದೇ ಇಲ್ಲ. ಕಾಯದ ಆಯಿಲ್ಲಿನಲ್ಲಿ ಸೇರಿದ ನೀರಿನ ಪಸೆಯೂ ಪೆಟ್ರೋಲಿನ ಅಂಶವೂ ಆವಿಯಾಗದೆ ಉಳಿದು, ಯಾವ ಮಡ್ಡಿಗೆ ನೀನು ಹೆದರಬೇಕೋ ಅದನ್ನೇ ಬೆಳೆಸುತ್ತವೆ. 19 ಸಾಲು ನಿನಗೆ ಹೆಚ್ಚಾಯಿತು. 10 ಅಥವಾ 13 ಸಾಲಿನ, ತಗಡು ಜೋಡಿಸಿದ ಮಾದರಿಯ ಕೂಲರ್ ಸಾಕು. ಗುಜರಿಯಿಂದ ಹಳೆಯ ಕೂಲರ್ ಅಗ್ಗಕ್ಕೆ ಸಿಕ್ಕಿತೆಂದು ಮಾತ್ರ ತರಬೇಡ. ಅದು ಎಂಜಿನ್ ಹಿಡಿದುಹೋದ ಕಾರಿನದಾಗಿದ್ದರೆ ಬೇರಿಂಗಿನ ಲೋಹದ ಚೂರುಗಳು ಆ ಸಂದುಗಳಲ್ಲಿ ಕೂತಿರುತ್ತವೆ, ಎಷ್ಟು ತೊಳೆದರೂ ಪೂರ್ತಿ ಹೊರಬರುವುದಿಲ್ಲ.

ಕೂರಿಸುವ ಜಾಗವೇ ಇಡೀ ಕೆಲಸದ ಜೀವಾಳ. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮುಂದೆ ಇಟ್ಟರೆ ಆಯಿಲ್ಲಿನ ಶಾಖ ಎಂಜಿನ್ ಒಳಗೆಳೆಯುವ ಗಾಳಿಗೆ ಸೇರಿ, ರೀಮ್ಯಾಪಿನಿಂದ ಗಳಿಸಿದ್ದನ್ನು ಈಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನೇ ಹಿಂತೆಗೆದುಕೊಳ್ಳುತ್ತದೆ. ಎಸಿ ಕಂಡೆನ್ಸರಿನ ಮುಂದೆ ಇಟ್ಟರೆ ಕರಾವಳಿಯ ಸೆಕೆಯಲ್ಲಿ ನಿನ್ನ ಮನೆಯವರು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ನಿನ್ನ ಕಾರಿನಲ್ಲಿ ಇಂಟರ್‌ಕೂಲರ್ ಒಂದು ಪಕ್ಕದ ಚಕ್ರದ ಮುಂದಿರುವುದರಿಂದ ಎದುರು ಪಕ್ಕದ ಫಾಗ್ ಲ್ಯಾಂಪಿನ ಹಿಂದಿನ ಜಾಗವನ್ನು, ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ ನೋಡು. ಅಲ್ಲಿ ಗಾಳಿ ಬರುವ ಬಾಯಿಯಿಂದ ಕೂಲರಿನ ಅಂಚಿನವರೆಗೆ ತೆಳು ಅಲ್ಯೂಮಿನಿಯಂ ತಗಡಿನ ಕೊಳವೆ ಮಾಡಿಸಿ ಸುತ್ತ ಫೋಮ್ ಒತ್ತಿ ಸಂದು ಮುಚ್ಚಬೇಕು. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಕೂಲರಿನ ಪಕ್ಕದಿಂದಲೇ ಹಾದುಹೋಗುತ್ತದೆ. ಒಳಬಂದ ಗಾಳಿ ಹೊರಹೋಗಲು ಲೈನರಿನಲ್ಲಿ ಸೀಳುಗಳಿರಬೇಕು, ಮುಂದೆ ಕಲ್ಲು ತಡೆಯುವ ಜಾಲರಿ ಇರಬೇಕು. ಆಯಿಲ್ ಬಾಯಿಗಳು ಮೇಲ್ಮುಖವಾಗಿದ್ದರೆ ಒಳಗಿನ ಗಾಳಿಗುಳ್ಳೆ ತಾನಾಗಿ ಹೊರಹೋಗುತ್ತದೆ. ಬಂಪರಿನ ಹಿಂದಿನ ಉಕ್ಕಿನ ಅಡ್ಡಪಟ್ಟಿಯನ್ನು ಜಾಗಕ್ಕಾಗಿ ಕತ್ತರಿಸುವ ಮಾತೆತ್ತುವವನ ಗ್ಯಾರೇಜಿನಿಂದ ಕಾರು ಹೊರತೆಗೆ.

ಬ್ರಾಕೆಟ್ಟಿನ ವಿಷಯದಲ್ಲಿ ನಮ್ಮ ಬೈತಖೋಲ ಬಂದರಿನ ಟ್ರಾಲರ್ ಮೆಕ್ಯಾನಿಕ್‌ಗಳ ಮಾತು ಕೇಳಬೇಕು. ಅಲ್ಯೂಮಿನಿಯಂ ಮೈಗೆ ಉಕ್ಕಿನ ಬೋಲ್ಟ್ ನೇರವಾಗಿ ತಾಗಿ, ನಡುವೆ ಉಪ್ಪಿನ ನೀರು ಕೂತರೆ, ಎರಡರಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಬೋಲ್ಟಿನ ತಲೆಯ ಸುತ್ತ ಬಿಳಿಯ ಪುಡಿ ಎದ್ದು, ಉಗುರಿನಿಂದ ಕೆರೆದರೆ ಕೆಳಗೆ ಗುಳಿ ಬಿದ್ದಿರುವುದು ಕಾಣುತ್ತದೆ. ನೀನು ಶಿರಸಿಯವನಾದರೂ ವಾರವಾರ ಕುಮಟಾ–ಕಾರವಾರ ಹೆದ್ದಾರಿಯಲ್ಲಿ ಓಡಾಡುವವನು. ಆದ್ದರಿಂದ ಕೂಲರಿನ ಪ್ರತಿಯೊಂದು ಕಿವಿಗೂ ರಬ್ಬರ್ ಬುಷ್ ಹಾಕಿ ಲೋಹಕ್ಕೆ ಲೋಹ ತಾಗದಂತೆ ನೋಡಿಕೊ. ಅದೇ ರಬ್ಬರ್ ಎಂಜಿನ್ನಿನ ನಡುಕವನ್ನೂ ತಿನ್ನುತ್ತದೆ.

ಹೋಸುಗಳಿಗೆ ಎಎನ್-10 (ಹೋಸು, ಫಿಟ್ಟಿಂಗುಗಳ ಒಂದು ಗಾತ್ರದ ಹೆಸರು) ಅಳತೆ ಸರಿ, ಒಳವ್ಯಾಸ ಸುಮಾರು 14 ಮಿಲಿಮೀಟರ್. ಪೆಟ್ರೋಲ್ ಹೋಸಿಗೆ ಕ್ಲಿಪ್ ಬಿಗಿದು ಸಾಗಹಾಕುವವರಿದ್ದಾರೆ. ತಣ್ಣನೆಯ ಸ್ಟಾರ್ಟಿನಲ್ಲಿ ಆಯಿಲ್ ಒತ್ತಡ 6 ಬಾರ್ ಮುಟ್ಟಬಹುದು. ಹೋಸು ಕಳಚಿದರೆ ಪಂಪು ಚೇಂಬರನ್ನು ಕೆಲವೇ ಕ್ಷಣಗಳಲ್ಲಿ ಬರಿದುಮಾಡಿ, ಹಿಂದಿನ ಕಾದ ಎಕ್ಸಾಸ್ಟಿನ ಮೇಲೋ ಮುಂದಿನ ಟೈರಿನ ಮೇಲೋ ಚೆಲ್ಲುತ್ತದೆ. ಉಕ್ಕಿನ ಹೆಣಿಗೆಯ ಹೋಸನ್ನು ಕತ್ತರಿಸುವಾಗ ಜಾಗಕ್ಕೆ ಬಿಗಿಯಾಗಿ ಟೇಪು ಸುತ್ತಿ, ಟೇಪಿನ ಮೇಲೆಯೇ ಕಟಿಂಗ್ ವೀಲ್ ಹಾಯಿಸಬೇಕು. ಇಲ್ಲದಿದ್ದರೆ ಎಳೆಗಳು ಕೆದರಿಕೊಂಡು ಫಿಟ್ಟಿಂಗಿನೊಳಗೆ ಹೋಗುವುದೂ ಇಲ್ಲ, ಬೆರಳು ಚುಚ್ಚದೆ ಬಿಡುವುದೂ ಇಲ್ಲ. ಕತ್ತರಿಸಿದ ಬಳಿಕ ಒಳಗಿನ ರಬ್ಬರ್ ಪುಡಿಯನ್ನು ತೊಳೆದು ಗಾಳಿ ಹೊಡೆಸು. ಥ್ರೆಡ್ಡಿಗೆ ಒಂದು ಹನಿ ಆಯಿಲ್ ಹಚ್ಚಿ, ಎರಡು ಪಾನಾ ಹಿಡಿದು, ಒಂದರಿಂದ ತಡೆದು ಇನ್ನೊಂದರಿಂದ ಬಿಗಿ. ಕೂಲರಿನ ಬಾಯಿಯೇ ತಿರುಚಿಕೊಂಡರೆ ಬೆಸುಗೆ ಸೀಳುತ್ತದೆ. ಎಂಜಿನ್ ತನ್ನ ಮೌಂಟುಗಳ ಮೇಲೆ ಮುಂದೆ ಹಿಂದೆ ಆಡುವುದರಿಂದ ಹೋಸಿಗೆ ಸ್ವಲ್ಪ ಸಡಿಲ ಇರಲಿ. ಆ ಉಕ್ಕಿನ ಹೆಣಿಗೆ ಅರದಂತೆ ತಾಗಿದ್ದನ್ನೆಲ್ಲ ಉಜ್ಜಿ ತೂತು ಮಾಡುತ್ತದೆ, ಆದ್ದರಿಂದ ಬೇರೆ ಪೈಪಿಗೆ ಒರಗುವ ಕಡೆಗಳಲ್ಲೆಲ್ಲ ಮೇಲೊಂದು ರಬ್ಬರ್ ಕವಚ ಹಾಕು.

ಕೊನೆಗೆ ಸ್ಟಾರ್ಟ್ ಮಾಡುವಾಗ ಅವಸರ ಬೇಡ. ಕೂಲರಿಗೂ ಹೊಸ ಫಿಲ್ಟರಿಗೂ ಮೊದಲೇ ಆಯಿಲ್ ತುಂಬಿಸಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆ. ಆಮೇಲೆ ಫ್ಯೂಸ್ ಹಾಕಿ ಐಡ್ಲಿಂಗಿನಲ್ಲಿ ಬಿಟ್ಟು ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡು. ಥರ್ಮೋಸ್ಟಾಟ್ ತೆರೆದುಕೊಳ್ಳದೆ ಕೂಲರಿನಲ್ಲಿ ಆಯಿಲ್ ಪೂರ್ತಿ ಹರಿಯುವುದಿಲ್ಲ, ಹಾಗಾಗಿ ತಣ್ಣಗಿರುವಾಗ ಸರಿಯಿದ್ದ ಡಿಪ್‌ಸ್ಟಿಕ್ಕಿನ ಮಟ್ಟ ಒಮ್ಮೆ ಚೆನ್ನಾಗಿ ಕಾದ ಮೇಲೆ ಇಳಿದಿರಬಹುದು. ಆಗ ನೋಡಿ ತುಂಬಿಸು. ಆಮೇಲೆ ಅದೇ ಘಟ್ಟವನ್ನು ಅದೇ ಹೊತ್ತಿನಲ್ಲಿ ಹತ್ತಿ, ಗೇಜಿನ ಎರಡೂ ಅಂಕಿಗಳನ್ನು ನನಗೆ ಬರೆದು ಕಳಿಸು.

ಇಂತಿ ನಿನ್ನ,
ಕಾರವಾರದ ಗೆಳೆಯ