ಕಿಟಕಿ ಹತ್ತಿರ ಕುರ್ಚಿ ಹಾಕಿ ಕೂತು ನೋಡು, ಅಕ್ಕ

ಪ್ರೀತಿಯ ಅಕ್ಕನಿಗೆ,

ನೀನು ಕಳಿಸಿದ ಎರಡೂ ಮನೆಗಳ ನಕ್ಷೆ ನೋಡಿದೆ. ಹನ್ನೆರಡನೇ ಮಹಡಿಯದು ಹೊಸದು, ದೊಡ್ಡದು. ಎರಡನೇ ಮಹಡಿಯದು ಹಳೇ ಕಟ್ಟಡ, ಒಂದು ರೂಮು ಕಡಿಮೆ. ಅಪ್ಪ ಅಮ್ಮ ಇನ್ನು ಮುಂದೆ ಇರಬೇಕಾದ ಮನೆ ಇದು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು, ನಿನಗೆ ಇಷ್ಟು ದಿನ ಹೇಳದ ಒಂದು ವಿಷಯ. ಇಲ್ಲಿಗೆ ಬಂದ ಮೊದಲ ವರ್ಷ ನಾನು ನಿನ್ನ ಫೋನು ಎತ್ತುತ್ತಿರಲಿಲ್ಲ, ನೆನಪಿದೆಯಾ? ಕೆಲಸ ಜಾಸ್ತಿ ಅಂತಿದ್ದೆ. ಕೆಲಸವೇನೋ ಇತ್ತು, ಆದರೆ ಕಾರಣ ಅದಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿತ್ತು. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಔಷಧಿ ಬರೆಯುವ ಮೊದಲು ಅವರು ಕೇಳಿದ್ದು, "ನೀವು ಇರುವ ಮನೆ ಹೇಗಿದೆ?" ಅಂತ.

ಆಗ ನಾನು ಇದ್ದದ್ದು ಹದಿನಾಲ್ಕನೇ ಮಹಡಿಯಲ್ಲಿ. ಲಿಫ್ಟಿನಿಂದ ಹೊರಗೆ ಬಂದರೆ ಉದ್ದನೆಯ ಕಾರಿಡಾರು. ಎರಡೂ ಕಡೆ ಒಂದೇ ಬಣ್ಣದ ಇಪ್ಪತ್ತೆರಡು ಬಾಗಿಲು. ಒಂದೂ ಕಿಟಕಿ ಇಲ್ಲ. ಯಾರಾದರೂ ಓಡಾಡಿದರೆ ಮಾತ್ರ ಹತ್ತಿಕೊಳ್ಳುವ ದೀಪ. ಬ್ಯಾಗಿನಲ್ಲಿ ಕೀ ಹುಡುಕುತ್ತಾ ಸ್ವಲ್ಪ ಹೊತ್ತು ಅಲುಗಾಡದೆ ನಿಂತರೆ ಅದೂ ಆರಿಹೋಗುತ್ತಿತ್ತು. ಒಂದು ಬೆಳಿಗ್ಗೆ ಹೊರಡುವ ಹೊತ್ತಿಗೆ ಪಕ್ಕದ ಮನೆಯ ಬಾಗಿಲ ಸದ್ದಾಯಿತು. ನಾನು ಚಿಲಕದ ಮೇಲೆ ಕೈ ಇಟ್ಟುಕೊಂಡು, ಅವರು ಲಿಫ್ಟ್ ಹತ್ತಿ ಹೋಗುವವರೆಗೆ ಒಳಗೇ ನಿಂತಿದ್ದೆ. ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದ ನಾನು, ಅಕ್ಕ!

ನನ್ನ ಸ್ವಭಾವವೇ ಕೆಟ್ಟುಹೋಯಿತು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಸಮಾಧಾನವಾಯಿತು. 1970ರ ದಶಕದಲ್ಲಿ ಅಮೆರಿಕದ ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವ್ಯಾಲಿನ್ಸ್ ಎಂಬ ಮನಃಶಾಸ್ತ್ರಜ್ಞರು ಹಾಸ್ಟೆಲ್ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡಿದ್ದರು. ಕೆಲವರದು ಉದ್ದ ಕಾರಿಡಾರು, ಸುಮಾರು ಮೂವತ್ತನಾಲ್ಕು ಜನರ ಓಡಾಟ. ಇನ್ನು ಕೆಲವರದು ನಾಲ್ಕಾರು ಜನರ ಚಿಕ್ಕ ಗುಂಪಿನ ಮನೆ. ಒಬ್ಬೊಬ್ಬರಿಗೆ ಸಿಗುವ ಜಾಗ ಹೆಚ್ಚುಕಡಿಮೆ ಒಂದೇ. ಆದರೂ ಉದ್ದ ಕಾರಿಡಾರಿನವರಿಗೆ ಇಕ್ಕಟ್ಟು ಅನ್ನಿಸುತ್ತಿತ್ತು, ಜನರಿಂದ ತಪ್ಪಿಸಿಕೊಳ್ಳುತ್ತಿದ್ದರು. ಹಾಸ್ಟೆಲಿನ ಹೊರಗೆ, ಬೇರೆ ಕೋಣೆಯಲ್ಲಿ ಕೂರಿಸಿದರೂ ಅಪರಿಚಿತರಿಂದ ದೂರ ಹೋಗಿ ಕೂರುತ್ತಿದ್ದರು. ಯಾವಾಗ ಯಾರು ಎದುರಾಗುತ್ತಾರೋ ಗೊತ್ತಿಲ್ಲದ ಕಡೆ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಅದು ನನಗಂತೂ ಅನುಭವ.

ಈಗಿನ ಮನೆಗೆ ಬಂದು ಎರಡು ವರ್ಷ ಆಯಿತು. ಒಂದು ಮೆಟ್ಟಿಲು, ಆರು ಮನೆ. ಮೆಟ್ಟಿಲು ತಿರುಗುವ ಕಡೆ ದೊಡ್ಡ ಕಿಟಕಿ, ಅದರ ಕೆಳಗೆ ಒಂದು ಮರದ ಬೆಂಚು. ಬೆಂಚಿನ ಅಂಚು ಕೂತು ಕೂತು ನುಣುಪಾಗಿದೆ. ಮೇಲಿನ ಮನೆಯ ಅಜ್ಜಿ ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ, ಮಕ್ಕಳು ಶೂ ಲೇಸು ಕಟ್ಟಿಕೊಳ್ಳುತ್ತಾರೆ. ಮೊದಮೊದಲು ಬರೀ ತಲೆ ಆಡಿಸುತ್ತಿದ್ದೆ. ಆಮೇಲೆ ಒಂದು ಮಾತು, ಎರಡು ಮಾತು. ದೊಡ್ಡ ಸ್ನೇಹ ಅಂತೇನೂ ಇಲ್ಲ. ಆದರೆ ಎರಡು ದಿನ ನಾನು ಕಾಣಿಸದಿದ್ದರೆ ಅಜ್ಜಿ ಬಾಗಿಲು ತಟ್ಟುತ್ತಾರೆ. ಮನೆ ಬದಲಿಸಿದ್ದರಿಂದಲೇ ಹುಷಾರಾದೆ ಅಂತ ಹೇಳಲಾರೆ, ಔಷಧಿಯೂ ಬೇಕಾಯಿತು. ಆದರೆ ಹುಷಾರಾಗಲು ಈ ಮನೆ ಬಿಟ್ಟಿತು, ಆ ಮನೆ ಬಿಡುತ್ತಿರಲಿಲ್ಲ.

ಹಾಗಂತ ಎತ್ತರದ ಕಟ್ಟಡ ಎಲ್ಲಾ ಕೆಟ್ಟದ್ದು ಅಂತಲ್ಲ. ಆ ಹನ್ನೆರಡನೇ ಮಹಡಿಯಲ್ಲಿ ಲಿಫ್ಟಿನ ಮುಂದೆ ನಾಲ್ಕೇ ಮನೆ ಇದ್ದು, ಬೆಳಕು ಬಂದು, ಎರಡು ಕುರ್ಚಿ ಹಾಕುವಷ್ಟು ಜಾಗ ಇದ್ದರೆ ಚೆನ್ನಾಗಿಯೇ ಇರುತ್ತದೆ. ನೀನು ಕಳಿಸಿದ ಫೋಟೋಗಳಲ್ಲಿ ಜಿಮ್ ಇದೆ, ಈಜುಕೊಳ ಇದೆ. ಮೆಟ್ಟಿಲ ಫೋಟೋ ಒಂದೂ ಇಲ್ಲ.

ಇನ್ನು ಕಿಟಕಿ. ಅಮ್ಮನಿಗೆ ಮಂಡಿನೋವು, ಮಧ್ಯಾಹ್ನ ಎಲ್ಲಾ ಕೂತೇ ಇರುತ್ತಾಳೆ. ಹಾಗಾಗಿ ನಿಂತು ನೋಡಬೇಡ. ಕಿಟಕಿ ಹತ್ತಿರ ಕುರ್ಚಿ ಹಾಕಿ ಕೂತು ನೋಡು. ಕಿಟಕಿಯ ಕಟ್ಟೆ ಎತ್ತರ ಇದ್ದರೆ ಕೂತವರಿಗೆ ಗೋಡೆ ಮತ್ತು ಒಂದು ತುಂಡು ಆಕಾಶ ಅಷ್ಟೇ. ಮರ ಕಾಣಬೇಕು, ಓಡಾಡುವ ಜನ ಕಾಣಬೇಕು. ಸುಮ್ನೆ ಹೇಳುತ್ತಿಲ್ಲ. ರೋಜರ್ ಉಲ್ರಿಚ್ ಎಂಬುವರು ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ತೆಗೆದು ನೋಡಿದರು. ಮರ ಕಾಣುವ ಕಿಟಕಿಯವರು 23 ಜನ, ಇಟ್ಟಿಗೆ ಗೋಡೆ ಕಾಣುವ ಕಿಟಕಿಯವರು 23 ಜನ. ಮರ ನೋಡುತ್ತಾ ಮಲಗಿದವರು ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. 1984ರಲ್ಲಿ ಪ್ರಕಟವಾದ ಅಧ್ಯಯನ ಇದು. ಎರಡನೇ ಮಹಡಿಯ ಮನೆಯ ಎದುರು ಮರದ ಕೊಂಬೆ ಕಿಟಕಿ ಮಟ್ಟಕ್ಕೇ ಬರುತ್ತದೆ ಅಂತ ನೀನೇ ಬರೆದಿದ್ದೆ, ಅಲ್ವಾ?

ಆ ಮನೆಯಲ್ಲಿ ನನಗೆ ಭಯ ಇರುವುದು ಮುಂದಿನ ರಸ್ತೆಯದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ಯೋಜಕರು ಒಂದೇ ಥರದ ಮೂರು ಬೀದಿಗಳನ್ನು ಹೋಲಿಸಿದ್ದರು. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. ಸುಮಾರು 16,000 ಓಡುವ ಬೀದಿಯಲ್ಲಿ ಸರಾಸರಿ ಒಬ್ಬರಿಗಿಂತ ಕಡಿಮೆ. ಅಪ್ಪನಿಗೆ ಬೇಕಾದ್ದು ಸಂಜೆ ಹೊರಗೆ ನಾಲ್ಕು ಜನರ ಜೊತೆ ಮಾತು. ರಸ್ತೆ ದಾಟಲು ಹೆದರಿಕೆ ಆದರೆ ಅವರು ಹೊರಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಬೇಸರ ಆಗಿದೆ ಅಂತ ಬಾಯಿಬಿಟ್ಟು ಹೇಳುವವರೂ ಅಲ್ಲ.

ಅದಕ್ಕೇ ಹಗಲು ಹನ್ನೊಂದಕ್ಕೆ ಹೋಗಿ ನೋಡಿ ಬರಬೇಡ. ಸಂಜೆ ಆರು ಗಂಟೆಗೆ ಹೋಗು, ಅಪ್ಪನನ್ನೂ ಕರೆದುಕೊಂಡು ಹೋಗು. ಅವರ ನಡಿಗೆಯಲ್ಲೇ ಗೇಟಿನಿಂದ ರಸ್ತೆಯ ಕೊನೆಯವರೆಗೆ ಹೋಗಿ. ನಡುವೆ ಕೂರಲು ಎಲ್ಲಾದರೂ ಜಾಗ ಇದೆಯಾ ನೋಡು. ಮಲಗುವ ಕೋಣೆಯ ಕಿಟಕಿ ಮುಚ್ಚಿ ಐದು ನಿಮಿಷ ಮಾತಾಡದೆ ನಿಲ್ಲು, ಎಷ್ಟು ಸದ್ದು ಬರುತ್ತದೆ ಗೊತ್ತಾಗುತ್ತದೆ. ಆಮೇಲೆ ಎರಡೂ ಕಡೆ ಮೆಟ್ಟಿಲ ಹತ್ತಿರ ನಿಂತು ನನಗೆ ವಿಡಿಯೋ ಕಾಲ್ ಮಾಡು. ಎಷ್ಟು ಹೊತ್ತಾದರೂ ಸರಿ, ಈ ಸಲ ಫೋನು ಎತ್ತುತ್ತೇನೆ.

ಇಂತಿ ನಿನ್ನ ಪ್ರೀತಿಯ ತಂಗಿ